ಹಳದಿ ಗೂಟ

ನಮ್ಮಕ್ಕ ಹಟಕ್ಕೆ ಬಿದ್ದರೆ ಮುಗಿಯಿತು, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. "ಜೌಗಿನ ಪಾರ್ಕಿಗೆ ಹೋಗಬೇಕು, ಟೆಂಟು ಹಾಕಬೇಕು, ದೋಣೀಲಿ ಕೂರಬೇಕು" ಅಂದಳು. ಹೋದ ವರ್ಷ ಭಾವ ಅಲ್ಲಿಯೇ ಒಬ್ಬನೇ ದೋಣಿ ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ದೋಣಿ ಜೊಂಡಿನಲ್ಲಿ ಸಿಕ್ಕಿತು. ಭಾವನೂ ಸಿಗಲಿಲ್ಲ, ಅವನ ಹುಟ್ಟೂ ಸಿಗಲಿಲ್ಲ. ಅಕ್ಕನನ್ನು ಒಬ್ಬಳೇ ಕಳಿಸಿದರೆ ಅವಳೂ ಬರುವುದಿಲ್ಲವೆಂಬ ಭಯ ನನಗೆ. ಕರೆದುಕೊಂಡು ಬರುವುದೊಂದೇ ನನ್ನ ಕೆಲಸ ಎಂದು ಗೊಣಗುತ್ತಲೇ ಹೊರಟೆ.

ಮರಗಳು ಸೊಂಟದವರೆಗೆ ನೀರಲ್ಲಿ ನಿಂತ ಕಾಡು ಅದು. ದೋಣಿಕಟ್ಟೆಯ ಪಕ್ಕ ಹಲಗೆಯ ಶೆಡ್ಡು, ಅದರ ಗೋಡೆ ತುಂಬ ಬಣ್ಣದ ಗೂಟಗಳು. ಪದೇ ಪದೇ ಬರುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಹುಟ್ಟಿನ ಹಿಡಿಕೆಗೂ ಅದೇ ಬಣ್ಣದ ಪಟ್ಟಿ. ನೀರಿನಿಂದ ಬಂದವರು ತಮ್ಮ ಹುಟ್ಟನ್ನು ತಾವೇ ಗೂಟಕ್ಕೆ ಹಾಕಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಗೂಟ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ನೀರಿನ ಮೇಲಿದ್ದಾನೆಂದು ಲೆಕ್ಕ. ಅಲ್ಲಿಯವರೆಗೆ ಕಟ್ಟೆಯ ದೀಪ ಆರಿಸುವುದಿಲ್ಲ. ಅಕ್ಕನದು ಹಸಿರು, ಭಾವನದು ಹಳದಿ. ಹಳದಿ ಗೂಟ ಖಾಲಿಯಿತ್ತು. ದೀಪ ಹಗಲಲ್ಲೂ ಉರಿಯುತ್ತಿತ್ತು.

"ವರ್ಷದಿಂದ ಹೀಗೇ ಉರಿಸ್ತಿದೀರಾ?" ಎಂದು ಕಾವಲುಗಾರನ ಮೇಲೆ ರೇಗಿದೆ. ಇಂಥ ದೀಪ ಉರಿಯುತ್ತಿದ್ದರೆ ಯಾವ ಹೆಂಡತಿಯ ಮನಸ್ಸು ಮನೆಯಲ್ಲಿ ನಿಂತೀತು?

"ನಾನೇನ್ ಮಾಡ್ಲಿ ತಾಯಿ, ಗೂಟ ಖಾಲಿ ಇದೆಯಲ್ಲ" ಎಂದ.

ಟೆಂಟಿನಲ್ಲಿ ಅಕ್ಕ ಮೂರು ಹಾಸಿಗೆ ಬಿಚ್ಚಿದಳು. ಒಂದನ್ನು ನಾನು ಸುತ್ತಿಟ್ಟೆ. ಅವಳು ಮತ್ತೆ ಬಿಚ್ಚಿದಳು. ಈ ಸಲ ಹಾಗೇ ಬಿಟ್ಟೆ. ನನ್ನಂಥವಳಿಗೆ ಅದು ಸಣ್ಣ ಕೆಲಸವಲ್ಲ.

ಸಂಜೆ ದೋಣಿ ಇಳಿಸಿದೆವು. ಮುಂದೆ ನಾನು, ಹಿಂದೆ ಅಕ್ಕ. ಮೊದಲೆಲ್ಲ ಜೊತೆಗೆ ಬಂದಾಗ ಭಾವ ಎಡಗಡೆ ಮಾತ್ರ ಹುಟ್ಟು ಹಾಕುತ್ತಿದ್ದ, ಪ್ರತಿಸಲ ಎತ್ತುವಾಗ ದೋಣಿಯ ಅಂಚಿಗೆ ಟಕ್ ಎಂದು ತಾಗಿಸುತ್ತಿದ್ದ. ದೋಣಿ ನಿಂತಲ್ಲೇ ಸುತ್ತುತ್ತಿತ್ತು. "ಗಾಣದೆತ್ತಿಗೆ ಗಂಟೆ ಬೇರೆ" ಎಂದು ಛೇಡಿಸುತ್ತಿದ್ದೆ. ಪಾಪ, ನಗುತ್ತಿದ್ದ.

ಕತ್ತಲಾಗುತ್ತ ಬಂದಂತೆ ಎಲ್ಲ ಮರಗಳೂ ಒಂದೇ ಥರ ಕಂಡವು. ದಾರಿ ತಪ್ಪಿತ್ತು. ಕೈಸೋತು ನಾನು ಹುಟ್ಟು ಎತ್ತಿಟ್ಟೆ. ದೋಣಿ ನಿಲ್ಲಲಿಲ್ಲ. ಟಕ್. ಸ್ವಲ್ಪ ಬಲಕ್ಕೆ ತಿರುಗಿತು. ಟಕ್.

"ಅವನ ಹಾಗೇ ಬಡೀತೀಯಲ್ಲೇ" ಎಂದೆ.

"ನಾನಲ್ಲ ಕಣೇ."

ತಿರುಗಿದೆ. ಅಕ್ಕನ ಹುಟ್ಟು ಅವಳ ತೊಡೆಯ ಮೇಲೆ ಅಡ್ಡ ಮಲಗಿತ್ತು. ಅದರ ಮೇಲೆ ಎರಡೂ ಕೈ. ಸದ್ದು ಅವಳ ಬೆನ್ನ ಹಿಂದಿನಿಂದ ಬರುತ್ತಿತ್ತು.

"ಮುಂದೆ ನೋಡ್ಕೊಂಡು ಕೂತ್ಕೋ" ಎಂದಳು ಮೆಲ್ಲಗೆ. "ನೋಡಿದ್ರೆ ನಿಲ್ಲಿಸಿಬಿಡ್ತಾರೆ."

ಎಲ್ಲದಕ್ಕೂ ಮಾರುತ್ತರ ಇರುವ ನಾನು ಹೇಳಿದಂತೆ ಮುಂದಕ್ಕೆ ತಿರುಗಿ ಕೂತೆ. ದೋಣಿ ಸುತ್ತಿ ಸುತ್ತಿ, ದೀಪ ಕಾಣುವಲ್ಲಿಗೆ ನಮ್ಮನ್ನು ತಂದು ಕಟ್ಟೆಗೆ ಮುಟ್ಟಿಸಿತು.

"ಸಾಕು, ಇಳೀರಿ" ಎಂದಳು ಅಕ್ಕ. ನನ್ನನ್ನು ಅವಳು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ.

ಶೆಡ್ಡಿಗೆ ಹೋಗಿ ತನ್ನ ಹಸಿರು ಪಟ್ಟಿಯ ಹುಟ್ಟನ್ನು ಹಳದಿ ಗೂಟಕ್ಕೆ ಹಾಕಿದಳು. ಕಾವಲುಗಾರ ಬಹಳ ಹೊತ್ತು ನೋಡಿದ, ಆಮೇಲೆ ದೀಪ ಆರಿಸಿದ. ನನಗೆ ಅಳುವೇ ಬಂತು. ಅಂತೂ ಕಾಯುವುದು ಮುಗಿಯಿತು, ಅಕ್ಕ ನನ್ನ ಪಾಲಿಗೆ ಉಳಿದಳು ಎಂದು ಅವಳನ್ನು ತಬ್ಬಿಕೊಂಡೆ.

ಕಾವಲುಗಾರ ಬಾಗಿಲಲ್ಲೇ ನಿಂತ. ಹಸಿರು ಗೂಟ ನೋಡಿದ. ಖಾಲಿ. ಮತ್ತೆ ದೀಪ ಹಚ್ಚಿದ.

"ಇಲ್ಲೇ ಇದಾಳಲ್ಲ ಅಣ್ಣ! ಕಣ್ಣು ಕಾಣಲ್ವಾ?" ಎಂದು ಕೂಗಿ ಹುಟ್ಟಿಗೆ ಕೈ ಹಾಕಿದೆ. ಅವನು ತಡೆದ. "ನೀವು ಮುಟ್ಟೋ ಹಾಗಿಲ್ಲ. ಅವರೇ ಹಾಕ್ಬೇಕು."

"ಅಕ್ಕ, ನಿನ್ನ ಗೂಟಕ್ಕೆ ಹಾಕೇ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಬಿಡು" ಎಂದಳು. "ವರ್ಷದಿಂದ ನೀರಲ್ಲಿದಾರೆ. ಅವರು ಒಳಗಿರ್ಲಿ."

ಮರುದಿನ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಕರೆದುಕೊಂಡು ಬರುವುದೊಂದೇ ತಾನೆ ನನ್ನ ಕೆಲಸ? ಅವಳು ಹಿಂದಿನ ಸೀಟಿನಲ್ಲಿ ಕೂತಳು. ನಾನು ಮಾತಾಡಿಸಿದ್ದಕ್ಕೆಲ್ಲ ಹೂಂ ಎಂದಳು. ಮನೆ ತಲುಪುವವರೆಗೂ ಕನ್ನಡಿಯಲ್ಲಿ ಅವಳನ್ನು ನೋಡುವ ಧೈರ್ಯ ನನಗೆ ಬರಲಿಲ್ಲ.