ಇಳಿಯದ ಬಲಗಾಲು

ಎಮಿಲ್ ಹಾಫ್‌ಮನ್ನರ ಗೋದಿ ಹೊಲದ ಅಂಚಿಗೆ ನಾವು ಬಂದು ಮುಟ್ಟಿದಾಗ ತೆನೆಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಗಂಡ ವರ್ಲಿನ್ ಪಿಕಪ್ಪನ್ನು ಹಿಂದೆ ಮುಂದೆ ಮಾಡಿ, ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ ನಮ್ಮ ಟ್ರೇಲರ್ ಮನೆಯನ್ನು ನಿಲ್ಲಿಸಿದ. ನಾನು ಇಳಿದು ಅದರ ಮುಂಗಾಲುಗಳ ಕೆಳಗೆ ಹಲಗೆ ಇಟ್ಟೆ. ಅವನು ಬಂದು ಟ್ರೇಲರಿನ ಪಕ್ಕದಲ್ಲಿರುವ ಸಾಮಾನಿನ ಗೂಡಿನ ಬಾಗಿಲು ತೆರೆದು ಸ್ವಿಚ್ಚು ಒತ್ತಿದ. ಟಿಕ್ ಎಂದಿತು. ಇನ್ನೊಮ್ಮೆ ಒತ್ತಿದ. ಮತ್ತೆ ಟಿಕ್.

"ಸರಿಯಾಗಿ ಒತ್ತಿದ್ಯಾ?" ಅಂದೆ.

"ಒತ್ತದೆ ಇನ್ನೇನು, ಮುದ್ದು ಮಾಡ್ತಾ ಇದೀನಾ?"

ಈ ಮನೆಯ ಮೂತಿ ಪಿಕಪ್ಪಿನ ಬೆನ್ನ ಮೇಲೆ ಕೂತಿರುತ್ತದೆ. ಎರಡು ಮುಂಗಾಲು ನೆಲಕ್ಕೂರಿ ಮೂತಿಯನ್ನು ಮೇಲೆತ್ತಿದರೆ ಮಾತ್ರ ಪಿಕಪ್ಪಿಗೆ ಬಿಡುಗಡೆ. ಕಾಲುಗಳನ್ನು ಇಳಿಸುವುದು ಕರೆಂಟಿನ ಜಾಕಿ. ಹಿಂದಿನ ಟ್ರೇಲರಿನಲ್ಲಿ ಕೈಯಿಂದ ತಿರುಗಿಸುವ ಹಿಡಿಕೆಯಿತ್ತು. ತೋಳು ನೋಯುತ್ತದೆ ಎಂದು ಇದನ್ನು ಕೊಂಡದ್ದು ವರ್ಲಿನ್, ನಾನಲ್ಲ.

ಪಿಕಪ್ ಬಿಡುಗಡೆಯಾಗಲೇಬೇಕಿತ್ತು. ಬೇಸಿಗೆಯಿಡೀ ಊರೂರು ತಿರುಗಿ ಬೇರೆಯವರ ಗೋದಿ ಕೊಯ್ದುಕೊಡುವುದು ನಮ್ಮ ಕಸುಬು. ನಮ್ಮ ಕಟಾವು ಯಂತ್ರ ಹಿಂದಿನ ಸಂಜೆಯೇ ಬಂದು ಹೊಲದ ಬಾಯಲ್ಲಿ ನಿಂತಿತ್ತಾದರೂ ಅದರ ಹೆಡರ್, ಅಂದರೆ ಮುಂದೆ ಸಿಕ್ಕಿಸುವ ಕೊಯ್ಯುವ ಭಾಗ, ಇನ್ನೂ ಹಿಂದಿನ ಊರಿನಲ್ಲೇ ಉಳಿದಿತ್ತು. ನಮ್ಮ ದೊಡ್ಡ ಲಾರಿ ಇನ್ನೂ ಅಲ್ಲಿಯ ಕಾಳು ಸಾಗಿಸುತ್ತಿತ್ತು. ಮನೆಯನ್ನು ಇಲ್ಲಿ ಬಿಟ್ಟು, ಪಿಕಪ್ಪಿನಲ್ಲಿ ಹೋಗಿ ಹೆಡರನ್ನು ಎಳೆದು ತರುವುದೆಂದು ನಮ್ಮ ಲೆಕ್ಕ. ಹೆಡರ್ ಇಲ್ಲದ ಯಂತ್ರ ತಲೆಯಿಲ್ಲದ ಎತ್ತಿನ ಹಾಗೆ.

ಬೇರೆ ವರ್ಷವಾಗಿದ್ದರೆ ಅರ್ಧ ದಿನ ತಡವಾದರೂ ಎಮಿಲ್ ಏನೂ ಅನ್ನುತ್ತಿರಲಿಲ್ಲ. ನಾವು ಮದುವೆಯಾದ ಬೇಸಿಗೆಯಿಂದಲೂ ಅವರ ಗೋದಿ ಕೊಯ್ಯುತ್ತಿದ್ದೇವೆ. ಈ ವರ್ಷ ಹೊಲದ ಯಜಮಾನಿಕೆ ಅಳಿಯ ಟ್ರೆವರ್‌ನ ಕೈಗೆ ಹೋಗಿದೆ. ಅವನಿಗೆ ಮೂರು ಯಂತ್ರಗಳ ದೊಡ್ಡ ತಂಡವೊಂದರ ಮೇಲೆ ಕಣ್ಣು. ಎಮಿಲ್ ಹಟ ಹಿಡಿದು ನಮ್ಮನ್ನು ಕರೆಸಿದ್ದರು. ಕಾಳು ಒಣಗಿದ ಹೊತ್ತಿಗೆ ನಮ್ಮ ಯಂತ್ರ ಓಡುತ್ತಿರದಿದ್ದರೆ ಆ ತಂಡವೇ ಇಳಿಯುತ್ತದೆಂದು ಟ್ರೆವರ್ ಹೇಳಿಬಿಟ್ಟಿದ್ದ. ಒಮ್ಮೆ ಅವರು ಇಳಿದರೆ ಈ ಊರಿನ ದಾರಿ ನಮಗೆ ಮುಚ್ಚಿದ ಹಾಗೆಯೇ.

ವರ್ಲಿನ್ ಸ್ವಿಚ್ಚನ್ನೇ ಬಿಚ್ಚಲು ಕೂತ.

"ಮೊದಲು ಬ್ಯಾಟರಿ ನೋಡು," ಅಂದೆ.

"ಬ್ಯಾಟರಿ ಚೆನ್ನಾಗಿದೆ. ಸ್ವಿಚ್ಚು ಅಗ್ಗದ್ದು. ನೋಡಿದ ತಕ್ಷಣ ಗೊತ್ತಾಗುತ್ತೆ."

ಅವನು ಸ್ವಿಚ್ಚಿನ ಹೊಟ್ಟೆ ಬಗೆದು ವೈರುಗಳನ್ನು ಹೊರಗೆಳೆದು ಮೂಸಿ ನೋಡುತ್ತಿರುವಾಗ, ದೂರದಿಂದ ಹುಲ್ಲು ಕೊಯ್ಯುವ ಯಂತ್ರದ ಸದ್ದು ಕೇಳಿತು. ಎಮಿಲ್ ಅದರ ಮೇಲೆ ಕೂತು ಬರುತ್ತಿದ್ದರು. ಕಣ್ಣು ಮಂಜಾದ ಮೇಲೆ ಮಗಳು ಅವರ ಕಾರಿನ ಬೀಗದಕೈ ಕಿತ್ತಿಟ್ಟಿದ್ದಾಳೆ. ಈಗ ಅವರು ಅಂಚೆಪೆಟ್ಟಿಗೆಗೂ ಪಕ್ಕದ ಮನೆಗೂ ಹುಲ್ಲಿನ ಯಂತ್ರದಲ್ಲೇ ಹೋಗುತ್ತಾರೆ.

"ಏನಪ್ಪ, ಇನ್ನೂ ಗಾಡಿ ಬಿಟ್ಟಿಲ್ಲ?"

"ಸ್ವಿಚ್ಚು ಹೋಗಿದೆ ಎಮಿಲ್."

"ಸ್ವಿಚ್ಚಲ್ಲ, ಫ್ಯೂಸು. ಯಾವಾಗಲೂ ಫ್ಯೂಸೇ." ಅವರು ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. "ನನ್ನ ಹೆಂಡತಿಯ ಬಟ್ಟೆ ಒಗೆಯೋ ಮಿಷನ್ನು ಹೀಗೇ ಆಗಿತ್ತು. ಮೂರು ಸಲ ಬಿಚ್ಚಿದೆ. ಫ್ಯೂಸು."

"ಮೂರನೇ ಸಲ ಗೊತ್ತಾಯ್ತಾ?" ಅಂದೆ.

"ಇಲ್ಲ. ರಿಪೇರಿಯವನು ಬಂದು ಹೇಳಿದ."

ಫ್ಯೂಸು ಚೆನ್ನಾಗಿತ್ತು. ಸ್ವಿಚ್ಚನ್ನು ತಿರುಗಿ ಜೋಡಿಸಿದ್ದಾಯಿತು. ಟಿಕ್. ಬಿಸಿಲು ಏರುತ್ತಿತ್ತು. ಎಮಿಲ್ ಆಗಾಗ ಎದ್ದು ಹೋಗಿ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಕಡಿದು ನೋಡಿ ಬರುತ್ತಿದ್ದರು. ಬರುವಾಗ ಮುಖದಲ್ಲಿ ಚಿಂತೆ. ಮಾತು ಕೊಟ್ಟವರು ಅವರೂ ತಾನೇ.

ನಾನೇ ಹೋಗಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗಿದ್ದದ್ದು ನಮ್ಮ ಬ್ಯಾಟರಿಯಲ್ಲ. ಮೂಲೆ ಒಡೆದ, ತುಕ್ಕು ಹಿಡಿದ ಯಾವುದೋ ಹಳೆಯದು.

"ವರ್ಲಿನ್, ವಸಂತದಲ್ಲಿ ಕೊಂಡ ಬ್ಯಾಟರಿ ಎಲ್ಲಿ?"

ಅವನು ಸ್ವಿಚ್ಚಿನ ಕಡೆಯೇ ನೋಡುತ್ತ ಹೇಳಿದ: "ಲಾರಿಗೆ ಹಾಕಿದೆ. ಮೊನ್ನೆ ಬೆಳಿಗ್ಗೆ ಸ್ಟಾರ್ಟ್ ಆಗ್ಲಿಲ್ಲ."

"ನನಗೆ ಹೇಳ್ಬಾರ್ದಾಗಿತ್ತಾ?"

"ನೀನು ನಿದ್ದೆ ಮಾಡ್ತಿದ್ದೆ."

"ಬೆಳಗಾದ ಮೇಲೆ ಎದ್ದೆ ತಾನೇ? ಎಲ್ಲ ದಿನವೂ ಎದ್ದಿದೀನಿ."

ನಮ್ಮ ಬದುಕು ಹೀಗೆ. ಯಂತ್ರಕ್ಕೆ ಏನು ಬೇಕಾದರೂ ಅದು ಮನೆಯಿಂದಲೇ ಹೋಗುತ್ತದೆ. ನನ್ನ ಪಾತ್ರೆ ಒರೆಸುವ ಬಟ್ಟೆ, ಸ್ನಾನದ ಕೊಳವೆ, ಹಿಟ್ಟಿನ ಜರಡಿ, ಎಲ್ಲವೂ ಒಂದೊಂದಾಗಿ ಹೊಲ ಸೇರಿವೆ. ಹೊಲದಿಂದ ಮನೆಗೆ ಬರುವುದು ಹೊಟ್ಟು ಮಾತ್ರ.

ಎರಡು ಜೊತೆ ತಂತಿಗಳನ್ನು ಒಂದಕ್ಕೊಂದು ಕಚ್ಚಿಸಿ ಪಿಕಪ್ಪಿನ ಬ್ಯಾಟರಿಯಿಂದ ಕರೆಂಟು ಎಳೆದೆವು. ಈ ಸಲ ಸ್ವಿಚ್ಚು ಒತ್ತಿದಾಗ ಮೋಟಾರು ಗುರ್ ಎಂದಿತು. ಎಡಗಾಲು ಇಳಿಯತೊಡಗಿತು. ವರ್ಲಿನ್ ನನ್ನ ಕಡೆ ತಿರುಗಿ, ತಾನೇ ಕಂಡುಹಿಡಿದವನ ಹಾಗೆ ತಲೆಯಾಡಿಸಿದ.

ಎಡಗಾಲು ಹಲಗೆ ಮುಟ್ಟಿತು. ಬಲಗಾಲು ಅಲ್ಲೇ ನೇತಾಡುತ್ತಿತ್ತು. ಅವನು ಸ್ವಿಚ್ಚು ಬಿಡಲಿಲ್ಲ. ಟ್ರೇಲರ್ ಒಂದು ಕಡೆ ಎದ್ದು ನರಳಿತು. ಒಳಗೆ ನನ್ನ ತಟ್ಟೆಗಳು ಒಂದರ ಮೇಲೊಂದು ಜಾರಿದ ಸದ್ದು.

"ಬಿಡು ಅದನ್ನ," ಅಂದೆ.

"ಬಲಗಾಲೂ ಬರುತ್ತೆ, ತಡಿ."

"ಬರಲ್ಲ ವರ್ಲಿನ್. ಕೈ ತೆಗಿ."

ಎಮಿಲ್ ಬಕೆಟ್ಟಿನ ಮೇಲಿಂದಲೇ ಹೇಳಿದರು: "ಭಾರ ಎತ್ತೋ ಲೋಡರ್ ಟ್ರಾಕ್ಟರ್ ಇದ್ದಿದ್ರೆ ಎತ್ತಿ ಹಿಡೀಬಹುದಿತ್ತು. ಅಳಿಯ ತಗೊಂಡು ಹೋಗಿದಾನೆ. ಕೇಳಿದ್ರೆ ಯಾಕೆ ಅಂತಾನೆ. ಏನು ಹೇಳ್ಲಿ?"

ವರ್ಲಿನ್ ಈಗ ಟ್ರೇಲರ್ ಮಾಡಿದ ಕಂಪನಿಗೆ ಫೋನ್ ಹಚ್ಚಿದ. ಕಾಯಲು ಹೇಳಿ ಅತ್ತ ಕಡೆ ಪಿಟೀಲು ನುಡಿಸುತ್ತಿದ್ದರು. ನಾನು ರೊಟ್ಟಿಯೊಳಗೆ ಹಂದಿಮಾಂಸ ಇಟ್ಟು ತಂದೆ. ಎಮಿಲ್ ತಿಂದರು, ವರ್ಲಿನ್ ಕಿವಿಯಲ್ಲಿ ಪಿಟೀಲು ಹಿಡಿದೇ ಅರ್ಧ ತಿಂದ. ಕೊನೆಗೆ ಒಬ್ಬಳು ಹುಡುಗಿ ಫೋನಿಗೆ ಬಂದಳು. ಟ್ರೇಲರ್ ಸಮತಟ್ಟಾದ ನೆಲದ ಮೇಲಿದೆಯೇ ಎಂದು ಕೇಳಿದಳು.

"ಅಮ್ಮಾ, ಒಂದು ಕಾಲು ಇಳಿದಿಲ್ಲ. ಸಮತಟ್ಟಾಗಿ ಹೇಗಿರುತ್ತೆ?"

ಸಮತಟ್ಟು ಮಾಡಿಕೊಂಡು ಮತ್ತೆ ಫೋನ್ ಮಾಡಬೇಕೆಂದು ಅವಳು ನಯವಾಗಿ ಹೇಳಿ ಇಟ್ಟಳು.

ಆ ಹೊತ್ತಿಗೆ ಸರಿಯಾಗಿ ಟ್ರೆವರ್ ಬಂದ. ಗಾಡಿಯಿಂದ ಇಳಿಯಲಿಲ್ಲ. ಕಿಟಕಿ ಇಳಿಸಿ, ವಾರೆಯಾಗಿ ನಿಂತ ನಮ್ಮ ಮನೆಯನ್ನೂ ಬಕೆಟ್ಟಿನ ಮೇಲಿದ್ದ ಮಾವನನ್ನೂ ನೋಡಿದ.

"ಕಾಳು ಒಣಗಿದೆ. ಆ ತಂಡದವರು ಪಕ್ಕದ ಹೊಲ ಮುಗಿಸ್ತಾ ಇದಾರೆ. ಮೂರು ಗಂಟೆಗೆ ಅವರಿಗೆ ಏನಾದ್ರೂ ಹೇಳ್ಬೇಕು."

"ವೈರಿಂಗ್ ತೊಂದರೆ," ಅಂದ ವರ್ಲಿನ್. "ಕಂಪನಿಯವರದ್ದೇ ತಪ್ಪು. ಈಗ ಅವರ ಜೊತೆ ಮಾತಾಡ್ತಾ ಇದ್ದೆ."

"ಮೂರು ಗಂಟೆ," ಎಂದು ಟ್ರೆವರ್ ಮಾವನ ಕಡೆ ನೋಡಿ ಹೊರಟ. ಎಮಿಲ್ ತಲೆಯೆತ್ತಲಿಲ್ಲ.

ನನಗೆ ರೇಗಿ ಹೋಯಿತು. ಒಂದು ಕಾಲು ಇಳಿಯುತ್ತಿದೆ, ಮೋಟಾರು ತಿರುಗುತ್ತಿದೆ. ಅಂದ ಮೇಲೆ ವೈರಿಂಗಿನದೇನು ಕೆಲಸ? ಮೋಟಾರು ಇರುವುದು ಎಡಗಾಲಿಗೆ. ಅಲ್ಲಿಂದ ಬಲಗಾಲಿಗೆ ಒಂದು ಉದ್ದ ಸರಳು ಹೋಗುತ್ತದೆ, ಆ ಸರಳು ತಿರುಗಿದರೆ ಬಲಗಾಲು ಇಳಿಯಬೇಕು. ಗೂಡಿನೊಳಗಿದ್ದ ಕುರ್ಚಿ, ಹಗ್ಗ, ಈರುಳ್ಳಿ ಚೀಲ ಎಲ್ಲ ಹೊರಗೆ ಎಸೆದು ಹೊಟ್ಟೆ ಮೇಲೆ ತೆವಳಿ ಒಳಗೆ ಹೋದೆ. ಹಿಂಬದಿಯ ತಗಡು ಬಿಚ್ಚಿದೆ.

"ಸ್ವಲ್ಪ ಒತ್ತು," ಎಂದು ಕೂಗಿದೆ.

ಸರಳು ತಿರುಗಿತು. ಬಲಗಾಲಿನ ಜೋಡಣೆ ಸುಮ್ಮನೆ ಕೂತಿತ್ತು. ಎರಡನ್ನೂ ಹಿಡಿಯುವ ಬೋಲ್ಟಿನ ತೂತಿನಲ್ಲಿ ಏನೋ ಮಿನುಗಿತು. ಬೆರಳಿನಿಂದ ತಳ್ಳಿದೆ. ಅಂಗೈಗೆ ಬಿದ್ದದ್ದು ತುಂಡಾದ ಮೊಳೆ. ಮರದ ಬೇಲಿಗೆ ಹೊಡೆಯುವ ಸಾಧಾರಣ ಮೊಳೆ.

ಹೊರಗೆ ಬಂದು ಅವನ ಮುಂದೆ ಹಿಡಿದೆ.

ವರ್ಲಿನ್ ಬಗ್ಗಿ ನೋಡಿದ. "ಓ," ಅಂದ.

"ಓ ಅಂದ್ರೆ?"

"ಅದು ಒಂದು ದಿನದ ಮಟ್ಟಿಗೆ ಹಾಕಿದ್ದು. ನೆಬ್ರಾಸ್ಕದಲ್ಲಿ ಕಾಳು ಸುರಿಯೋ ಕೊಳವೆಯ ಬೋಲ್ಟ್ ಮುರೀತಲ್ಲ, ಆವತ್ತು ಬೇರೆ ಸಿಗ್ಲಿಲ್ಲ. ಇದರದ್ದು ತೆಗೆದು ಯಂತ್ರಕ್ಕೆ ಹಾಕಿದೆ, ಸರಿಯಾಗಿ ಕೂತ್ಕೊಳ್ತು."

"ಆಮೇಲೆ?"

"ಆಮೇಲೆ ಮಳೆ ಬರೋ ಹಾಗಿತ್ತು."

"ಬೆಳಿಗ್ಗೆಯಿಂದ ಸ್ವಿಚ್ಚು ಬಿಚ್ತಾ ಇದೀಯಾ. ಪಾಪದ ಹುಡುಗಿ ಹತ್ರ ಜಗಳ ಆಡಿದೆ. ಟ್ರೆವರ್‌ಗೆ ಕಂಪನಿ ತಪ್ಪು ಅಂದೆ."

"ಮರೆತೋಗಿತ್ತು ಲವಾನ್. ನಿಜವಾಗ್ಲೂ."

ನಿಜವಾಗಿಯೂ ಮರೆತಿದ್ದ, ಅದೇ ನನಗೆ ಇನ್ನಷ್ಟು ಸಿಟ್ಟು ತಂದದ್ದು. ಸುಳ್ಳು ಹೇಳಿದ್ದರೆ ಬೈಯಲಾದರೂ ಒಂದು ಹಿಡಿ ಸಿಗುತ್ತಿತ್ತು. ಎಮಿಲ್ ಮೊಳೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿ, "ಒಳ್ಳೇ ಮೊಳೆ," ಅಂದರು.

ಬೋಲ್ಟುಗಳ ಡಬ್ಬಿಯನ್ನು ನೆಲಕ್ಕೆ ಸುರಿದು ಹುಡುಕಿದೆವು. ಒಂದು ದಪ್ಪ, ಒಂದು ಗಿಡ್ಡ, ಇನ್ನೊಂದಕ್ಕೆ ತಲೆಯೇ ಇಲ್ಲ. ವರ್ಲಿನ್ ಇನ್ನೊಂದು ಮೊಳೆಯನ್ನು ಕೈಗೆತ್ತಿಕೊಂಡ. ನಾನು ನೋಡಿದೆ. ಅವನು ಅದನ್ನು ಕೆಳಗಿಟ್ಟ.

ಸ್ಪ್ಯಾನರ್ ಹಿಡಿದು ಕಟಾವು ಯಂತ್ರದ ಹತ್ತಿರ ಹೋದೆ. ಅದರ ಸುತ್ತ ಒಂದು ಸಲ ಬಂದೆ. ಕ್ಯಾಬಿನ್ನಿಗೆ ಹತ್ತುವ ಏಣಿಯ ಬೋಲ್ಟು ಅದೇ ದಪ್ಪ, ಅದೇ ಉದ್ದ.

"ಅದನ್ನ ಮುಟ್ಬೇಡ," ಎಂದು ವರ್ಲಿನ್ ಹಿಂದೆಯೇ ಬಂದ. "ಏಣಿ ನಿಲ್ಲಲ್ಲ. ನಾನು ಮೇಲೆ ಹತ್ತೋದು ಹೇಗೆ?"

"ನನಗೇನು ಗೊತ್ತು? ಯೋಚನೆ ಮಾಡು. ಹೆಡರ್ ತರೋವರೆಗೂ ಟೈಮಿದೆ."

"ಲವಾನ್, ಯಂತ್ರದಿಂದ ಯಾರಾದ್ರೂ ಮನೆಗೆ ತೆಗೀತಾರಾ?"

"ಇವತ್ತು ತೆಗೀತಾರೆ."

ಅವನು ಅಡ್ಡ ಬರಲಿಲ್ಲ. ನಟ್ಟು ತುಕ್ಕು ಹಿಡಿದಿತ್ತು. ಕೊನೆಗೆ ಅವನೇ ನನ್ನ ಕೈಯಿಂದ ಸ್ಪ್ಯಾನರ್ ಇಸಕೊಂಡು, ಹಲ್ಲು ಕಚ್ಚಿ ತಿರುಗಿಸಿ ಕೊಟ್ಟ. ಏಣಿಯನ್ನು ಬೇಲಿಗೆ ಒರಗಿಸಿಟ್ಟೆವು.

ಎಡಗಾಲನ್ನು ಮತ್ತೆ ಪೂರ್ತಿ ಮೇಲೆತ್ತಿ ಎರಡನ್ನೂ ಸಮ ಮಾಡಿಕೊಂಡೆವು. ನಾನು ಒಳಗೆ ತೆವಳಿ ತೂತಿಗೆ ತೂತು ಕೂಡುವವರೆಗೆ ಸರಳನ್ನು ತಿರುಗಿಸಿ ಬೋಲ್ಟು ಸೇರಿಸಿ ಬಿಗಿದೆ. ಅವನು ಸ್ವಿಚ್ಚು ಒತ್ತಿದ. ಎರಡು ಕಾಲೂ ಜೊತೆಯಲ್ಲಿ ಇಳಿದು ಹಲಗೆ ಮುಟ್ಟಿ, ಮನೆಯ ಮೂತಿಯನ್ನು ನಿಧಾನವಾಗಿ ಮೇಲೆತ್ತಿದವು. ಕೊಂಡಿ ಬಿಟ್ಟ ಸದ್ದು ಕೇಳಿದೊಡನೆ ವರ್ಲಿನ್ ಪಿಕಪ್ಪಿಗೆ ಹಾರಿ, ಧೂಳೆಬ್ಬಿಸಿಕೊಂಡು ಹೋದ.

ಮೂರು ಗಂಟೆಗೆ ಟ್ರೆವರ್ ಬಂದ. ವರ್ಲಿನ್ ಇನ್ನೂ ಬಂದಿರಲಿಲ್ಲ. ಈ ಸಲ ಟ್ರೆವರ್ ಇಳಿದು, ಬೇಲಿಗೆ ಒರಗಿದ್ದ ಏಣಿಯನ್ನು ಕಾಲಿನಿಂದ ಮುಟ್ಟಿ ನೋಡಿದ.

"ವೈರಿಂಗ್ ಆಯ್ತಾ?"

"ವೈರಿಂಗ್ ಅಲ್ಲ," ಅಂದೆ. "ಬೋಲ್ಟ್ ಇರೋ ಕಡೆ ನನ್ನ ಗಂಡ ಮೊಳೆ ಹಾಕಿದ್ದ. ಅದು ತುಂಡಾಗಿತ್ತು. ಹೆಡರ್ ತರೋಕೆ ಹೋಗಿದಾನೆ, ದಾರಿಯಲ್ಲಿದಾನೆ."

ಎಮಿಲ್ ಬಕೆಟ್ಟಿನಿಂದ ಎದ್ದರು. ಮಂಡಿ ಹಿಡಿದುಕೊಂಡು ಅಳಿಯನ ಎದುರಿಗೆ ಬಂದು ನಿಂತರು.

"ನಾನು ಕರೆಸಿದ್ದು," ಅಂದರು. "ತಡ ಆಗಿದೆ, ನಿಜ. ನಿನಗೆ ಬೇಕಾದ್ದು ಮಾಡು. ತಗ್ಗಿನ ಹೊಲ ಮಾತ್ರ ನಾನು ಇರೋವರೆಗೆ ಇವರು ಕೊಯ್ಲಿ."

ಟ್ರೆವರ್ ಕುತ್ತಿಗೆ ಕೆರೆದುಕೊಂಡ. "ರಸ್ತೆ ಪಕ್ಕದ್ದು ಅವರಿಗೆ ಹೇಳ್ಬಿಟ್ಟೆ. ಈಗ ಬರ್ತಾರೆ. ತಗ್ಗಿನದು ಇವರೇ ಕೊಯ್ಲಿ. ಮುಂದಿನ ವರ್ಷದ್ದು ಗೊತ್ತಿಲ್ಲ."

ಎರಡರಲ್ಲಿ ರಸ್ತೆ ಪಕ್ಕದ್ದೇ ದೊಡ್ಡ ಹೊಲ. ನಾನು ಆಗಲಿ ಅಂದೆ.

ವರ್ಲಿನ್ ಹೆಡರ್ ಎಳೆದು ತರುವಾಗ ದೊಡ್ಡ ತಂಡದ ಮೂರು ಹಸಿರು ಯಂತ್ರಗಳು ಸಾಲಾಗಿ ರಸ್ತೆ ಪಕ್ಕದ ಹೊಲಕ್ಕೆ ಇಳಿಯುತ್ತಿದ್ದವು. ಅವನು ಅವನ್ನು ನೋಡಿದ, ನನ್ನ ಮುಖ ನೋಡಿದ. ಪಿಕಪ್ಪಿನಿಂದ ಇಳಿದು ನೇರವಾಗಿ ನಮ್ಮ ಯಂತ್ರದ ಕಡೆ ನಡೆದ. ಏಣಿ ಇದ್ದ ಜಾಗದಲ್ಲಿ ಒಂದು ಗಳಿಗೆ ನಿಂತ. ಆಮೇಲೆ ತನಗಿಂತ ಎತ್ತರದ ಚಕ್ರದ ಹಲ್ಲುಗಳಿಗೆ ಬೂಟು ಕೊಟ್ಟು, ಅರವತ್ತು ದಾಟಿದ ಮೈಯನ್ನು ಏದುಸಿರು ಬಿಡುತ್ತ ಮೇಲೆಳೆದುಕೊಂಡ. ನಡುವೆ ಒಮ್ಮೆ ಜಾರಿ, ಪ್ಯಾಂಟು ಸಿಕ್ಕಿಕೊಂಡು ನೇತಾಡಿದ.

"ತಳ್ತೀಯಾ ಸ್ವಲ್ಪ?" ಎಂದು ಮೇಲಿನಿಂದ ಕೇಳಿದ.

ಹೋಗಿ, ಎರಡೂ ಕೈಯಿಂದ ತಳ್ಳಿದೆ.