ಮಗ್ಗದ ಸದ್ದಿನಲ್ಲಿ ಹಾಡಿದ ಬೈಗುಳ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನೇಯುವವನ ಹಾಸನ್ನು, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಕೊಯ್ಯುವುದಕ್ಕಿಂತ ದೊಡ್ಡ ದ್ರೋಹವಿಲ್ಲ. ಸತ್ತ ಅಪ್ಪನ ಮಗ್ಗದ ಶೆಡ್ಡನ್ನು ಪಾಲು ಮಾಡಿಕೊಳ್ಳುವ ಜಗಳದಲ್ಲಿ ಅಮರ್ ಅದನ್ನೇ ಮಾಡಿದ. ಅಣ್ಣ ಸಂತೋಷನ ಮಗ್ಗದ ಮೇಲಿದ್ದ ರೇಷ್ಮೆ ಎಳೆಗಳನ್ನೆಲ್ಲ ಬ್ಲೇಡಿನಿಂದ ಕೊಯ್ದುಬಿಟ್ಟ. ಸಂತೋಷ ಮಚ್ಚು ತಂದ. ಅಡ್ಡ ಬಂದ ತಾಯಿ ರುಕ್ಮಿಣಮ್ಮನವರ ಮೊಣಕೈ ಸೀಳಿ ರಕ್ತ ಸುರಿಯಿತು.

“ಬಿಡಮ್ಮ, ಇವತ್ತು ಇವನ್ನ ಮುಗಿಸ್ಬಿಡ್ತೀನಿ!”

“ಮುಗ್ಸೋ ನೋಡಾಣ, ಕೋಳಿ ಕುಯ್ಯೋಕೂ ಬರದೋನೆ!”

ಅಕ್ಕಪಕ್ಕದ ನೇಕಾರರೆಲ್ಲ ಸೇರಿ ಸಂತೋಷನನ್ನು ಅವುಚಿ ಹಿಡಿದೆವು. ಆಗ ಅಮರನ ಹೆಂಡತಿ ಅನಿತ ಕೂಗಿದಳು:

“ಭಾವ, ಹಿಮದ ದೇಶದಲ್ಲಿ ಇನುಯಿಟ್ ಅಂತ ಜನ ಇದಾರೆ, ಮೊಬೈಲಲ್ಲಿ ನೋಡಿದೀನಿ. ಹಿಂದೆ ಅಲ್ಲಿ ಇಬ್ರಿಗೆ ಹಗೆ ಬಂದ್ರೆ ಎಲ್ಲರ ಮುಂದೆ ತಮಟೆ ಬಡ್ಕೊಂಡು ಹಾಡಲ್ಲೇ ಬಯ್ಕೊಳ್ಳೋರಂತೆ. ಒಂದೊಂದು ಹಾಡು ಮುಗಿದ್ಮೇಲೂ ಎದುರಿನೋನಿಗೆ ಹಣೇಲಿ ಒಂದು ಗುದ್ದು. ಜನ ಯಾರನ್ನ ನೋಡಿ ನಕ್ರೋ ಅವ್ನು ಸೋತ. ಆಯುಧ ಮುಟ್ಟಂಗಿಲ್ಲ!”

ರುಕ್ಮಿಣಮ್ಮ ಕೈಗೆ ಸೆರಗು ಸುತ್ತಿಕೊಂಡರು. “ಹಾಡ್ರೋ. ಇಲ್ಲಾಂದ್ರೆ ಮೊದಲು ನನ್ನ ಕಡೀರಿ.”

ಸಂತೋಷ ಮಚ್ಚನ್ನು ಕೆಳಗೆಸೆದ.

ತಮಟೆ ಎಲ್ಲಿಂದ ತರುವುದು? ಅಮರ್ ತನ್ನ ಮಗ್ಗದ ಸ್ವಿಚ್ ಹಾಕಿದ. ಟಕಾ ಟಕಾ ಟಕಾ! ಬಾಗಿಲಲ್ಲಿ ನೆರೆದ ಬೀದಿಯವರಿಗೆ ಒಂದಕ್ಷರವೂ ಕೇಳದು. ತುಟಿ ನೋಡಿಯೇ ಮಾತು ಹಿಡಿಯುವ ನೇಕಾರರಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು.

“ತಮ್ಮ ನೇಯ್ದ ಸೀರೆ ನೋಡು, ಎಲ್ಲಾ ತೂತೇ ತೂತು,
ಕೆರೆಗ್ ಎಸೆದ್ರೆ ಮೀನು ಬೀಳ್ತಾವ್, ತಿನ್ನಾಣ ಬಾ ಕೂತು!”

ಸಂತೋಷ ಹಾಡಿ ಗುದ್ದಿದ. ಅಮರನ ಮೂಗೊಡೆದು ರಕ್ತ ಬಾಯಿಗಿಳಿಯಿತು.

“ಅಣ್ಣ ಗೊರಕೆ ಹೊಡೆದ್ರೆ ಸಾಕು, ಬೀದಿ ನಾಯಿ ಓಟ,
ಹೆಂಡ್ತಿ ಬೈದ್ರೆ ಮೂಲೆ ಸೇರಿ ಬೆಕ್ಕಿನಂಗೆ ನೋಟ!”

ಅಮರನ ಗುದ್ದಿಗೆ ಸಂತೋಷನ ಹುಬ್ಬು ಸೀಳಿತು. ನಾವು ನಕ್ಕೆವು. ರಕ್ತ ಒರೆಸಿಕೊಳ್ಳುತ್ತ ಅವನೂ ನಕ್ಕುಬಿಟ್ಟ. ಸದ್ಯ, ಉಳಿದರು ಎಂದುಕೊಂಡು ನಮ್ಮ ಹಿಡಿತ ಸಡಿಲವಾಯಿತು.

ಅಮರನಿಗೆ ಹುರುಪು ಬಂತು. ಸದ್ದನ್ನು ಮೀರಿ ಅರಚಿದ:

“ಅಪ್ಪನ ಹೆಣ ಅಂಗಳದಲ್ಲಿ, ಕೊಳ್ಳಿ ಇಟ್ಟೋನ್ ನಾನು...”

ಕರೆಂಟು ಹೋಯಿತು. ಮಗ್ಗ ನಿಂತಿತು. ಅವನ ಗಂಟಲು ನಿಲ್ಲಲಿಲ್ಲ.

“ಬಾರಲ್ ಬಿದ್ದು ಹೊರಳಾಡ್ತಿದ್ದ ಹಿರೀ ಮಗ ನೀನು!”

ಇಡೀ ಬೀದಿಗೆ ಕೇಳಿಸಿತು. ಬಾಗಿಲಲ್ಲಿದ್ದವರು ಘೊಳ್ಳೆಂದು ನಕ್ಕರು.

ಸಂತೋಷ ಬಗ್ಗಿದ್ದು ಕಂಡಿತು, ಮಚ್ಚು ಎತ್ತಿದ್ದು ಕಾಣಲಿಲ್ಲ. ಅಮರ್ ಕೈ ಅಡ್ಡ ಹಿಡಿದ. ಅವನೇ ಕೊಯ್ದಿದ್ದ ರೇಷ್ಮೆ ಎಳೆಗಳ ಮೇಲೆ ಅವನ ಎರಡು ಬೆರಳು ಬಿದ್ದವು.

ಮಚ್ಚು ಬಿಸಾಡಿ, ಅದೇ ಎಳೆಗಳನ್ನು ಬಾಚಿ ತಮ್ಮನ ಕೈಗೆ ಬಿಗಿದವನೂ ಸಂತೋಷನೇ. “ಆಟೋ ಕರೀರೋ!” ಎಂದು ಊಳಿಟ್ಟ.

ಅನಿತ ಬೆರಳುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. “ಆ ಹಿಮದ ದೇಶದೋರ ತಮಟೆಗೆ ಕರೆಂಟ್ ಬೇಕಿರ್ಲಿಲ್ಲ ಅತ್ತೆ,” ಎಂದಳು. “ನನಗದು ಹೊಳೀಲೇ ಇಲ್ಲ.”