ಓಬಳೇಶನ ಕರಡಿ ತುಪ್ಪ

ಓಬಳೇಶ ಬರಿಗೈಯಲ್ಲಿ ಕರಡಿಯ ಬಾಯಿಯನ್ನು ತೆಂಗಿನ ಗರಿಯಂತೆ ಎರಡು ಸೀಳು ಮಾಡಿದ. ಅದು ಸತ್ತು ಬಿದ್ದ ಏಟಿಗೆ ಸಿದ್ದರಬೆಟ್ಟ ಒಂದು ಗೇಣು ಪಕ್ಕಕ್ಕೆ ಜರುಗಿತು. ಕೊಬ್ಬು ಕಾಯಿಸಿ ತುಪ್ಪ ಇಳಿಸಲು ಊರಿನ ಪಾತ್ರೆಗಳೆಲ್ಲ ಸಾಲದೆ ಆಲೆಮನೆಯಿಂದ ಮೂರು ಕೊಪ್ಪರಿಗೆ ತರಿಸಬೇಕಾಯಿತು. ನಂಬದವರು ಓಬಳೇಶನನ್ನೇ ಕೇಳಬಹುದಿತ್ತು. ಕೇಳದವರಿಗೂ ಅವನೇ ಹೇಳುತ್ತಿದ್ದ.

ಸೀತಾಫಲದ ಕಾಲದಲ್ಲಿ ಅವನಿಗೆ ಹೆಣ್ಣು ಕೊಟ್ಟ ಮಾವ ಕದಿರಯ್ಯನನ್ನು ಬೆಟ್ಟದ ಬುಡದಲ್ಲಿ ಕರಡಿ ಹಿಡಿದು ಬಲತೋಳು ಹರಿದದ್ದು ಮಾತ್ರ ನಿಜ. ಹದಿನೆಂಟು ಹೊಲಿಗೆಯನ್ನು ಊರೇ ನೋಡಿತ್ತು. ಗಾಯ ಮಾದರೂ ಕೈ ಮೇಲೇಳಲಿಲ್ಲ. ತಾನು ಕೂಗು ಕೇಳಿ ಆಮೇಲೆ ಬಂದೆ ಎಂದು ಓಬಳೇಶ ಹೇಳಿಕೊಂಡಿದ್ದ. "ಮಾವನ್ನ ಕಚ್ಚಿದ್ ಕರಡೀನ ಸುಮ್ಕೆ ಬುಡ್ತೀನಾ?" ಎನ್ನುತ್ತ ಒಂದು ಸೀಸೆ ಕರಡಿ ತುಪ್ಪ ತಂದು, ದಿನಾ ಬೆಳಿಗ್ಗೆ ಆ ತೋಳಿಗೆ ತಾನೇ ತಿಕ್ಕುತ್ತಿದ್ದ. ಮಾವ ಕಣ್ಣು ಮುಚ್ಚಿ ಕೂತಿರುತ್ತಿದ್ದ.

ಕತೆ ಬೆಳೆದು ಬೆಳೆದು ಅರಣ್ಯ ಗಾರ್ಡ್ ತಿಪ್ಪೇಶನ ಕಿವಿಗೂ ಬಿತ್ತು. ಮಾರ್ಗಶಿರದ ಒಂದು ಬೆಳಿಗ್ಗೆ ಅವನ ಬೈಕು ಅಂಗಳಕ್ಕೇ ಬಂದು ನಿಂತಿತು.

"ಕರಡಿ ಹೊಡುದ್ರೆ ವರ್ಷಗಟ್ಲೆ ಜೈಲು ಕಣಪ್ಪ. ಎಲ್ಲೈತೆ ಸೀಸೆ? ಹಿಂದೆ ಜೀಪ್ ಬತ್ತೈತೆ."

ಬೆಟ್ಟ ಜರುಗಿಸಿದವನು ತಾನೇ ಒಂದು ಗೇಣು ಹಿಂದಕ್ಕೆ ಜರುಗಿದ. ಹೆಂಡತಿ ಶಿವಲಕ್ಷ್ಮಿ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಳು. ನಿಜ ಹೇಳಿದರೆ ಜೈಲು ತಪ್ಪೀತು. ಆದರೆ ಅದನ್ನು ಆ ತೋಳಿನ ಎದುರಿಗೆ ಹೇಳಬೇಕಿತ್ತು.

"ಅಷ್ಟೊಂದು ದೊಡ್ ಕರಡಿ ಏನಲ್ಲ ಸಾ..."

"ಎಷ್ಟು ದೊಡ್ಡದು?"

"ಮರಿ. ಮರೀಗಿಂತ ವಸಿ ಚಿಕ್ಕದು."

ಜಗಲಿಯಲ್ಲಿ ಕೂತಿದ್ದ ಕದಿರಯ್ಯ ಪಕ್ಕದಲ್ಲಿದ್ದ ಸೀಸೆಯನ್ನು ಎಡಗೈಯಲ್ಲಿ ಎತ್ತಿ ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಚಳಿಗೆ ಒಳಗಿನ ಕೊಬ್ಬು ಬೆಳ್ಳಗೆ, ಮೇಣದ ಹಾಗೆ ಕಚ್ಚಿಕೊಂಡಿತ್ತು.

"ನಾನು ಹುಡುಗ್ನಾಗಿದ್ದಾಗ ನಮ್ಮಪ್ಪ ಕರಡಿ ತುಪ್ಪ ಮಾಡೋದ ಕಂಡಿವ್ನಿ ಸಾ. ಆಗ ಈ ಕಾನೂನ್ ಇರ್ಲಿಲ್ಲ. ಚೂರೂ ಮಾಂಸ ಉಳೀದಂಗೆ ಬಿಡಿಸಿ, ಸಣ್ಣುರೀಲಿ ಚಟಪಟ ನಿಲ್ಲೋಗಂಟ ಕಾಯ್ಸಿ, ಬಟ್ಟೇಲಿ ಸೋಸಿ, ನೀರ್ ಸೋಕದಂಗೆ ಮುಚ್ಚಿಕ್ಕೋನು. ಎಂಥ ಚಳೀಲೂ ಎಣ್ಣೆ ಹರ್ದಂಗೆ ಹರಿಯೋದು. ಇಂಗೆ ಕಲ್ಲಾಯ್ತದಾ? ಇದು ಕುರಿ ಕೊಬ್ಬು."

ತಿಪ್ಪೇಶ ಮೂಸಿ ನೋಡಿದ. "ಥೂ, ಬಾಡಂಗಡಿ ವಾಸ್ನೆ! ನಿನ್ ಬೇಟೆಗಿಷ್ಟು!" ಎಂದು ನಗುತ್ತ, ಜೀಪು ಬೇಡವೆಂದು ಫೋನು ಮಾಡಿ ಹೊರಟುಹೋದ.

ಓಬಳೇಶ ನಗಲಿಲ್ಲ. "ಯಾವಾಗ ಗೊತ್ತಾಯ್ತು ಮಾವ?"

"ಮೊದಲ್ನೇ ದಿನಾನೇ."

"ಮತ್ಯಾಕೆ ದಿನಾ ತೋಳು ಕೊಟ್ಟೆ?"

"ನೀನೇ ಒಂದಿನ ಬಾಯ್ಬಿಡ್ತೀಯ ಅಂತ ಕಾಯ್ತಿದ್ದೆ ಕಣ್ಲಾ."

ಓಬಳೇಶ ಅಂಗಳದ ನೆಲ ನೋಡಿದ. ಬೆರಳಿಗೆ ಇನ್ನೂ ಬೆಳಗಿನ ಜಿಡ್ಡು ಅಂಟಿತ್ತು.

"ಸಿರಾದಾಗೆ ಎರಡು ಕೇಜಿ ಕುರಿ ಕೊಬ್ಬು ತಂದು ಕಾಯ್ಸಿದ್ದು. ಅವತ್ತು ನಾನು ಆಮೇಲೆ ಬರ್ಲಿಲ್ಲ ಶಿವಿ, ಮಾವನ್ ಜೊತೇಲೇ ಇದ್ದೆ. ಕೈಯಾಗೆ ಮಚ್ಚಿತ್ತು. ಓಡ್ಬುಟ್ಟೆ. 'ಓಬಳೇಶಾ' ಅಂತ ನೀನು ಎರಡು ಸಲ ಕೂಗ್ದೆ ಮಾವ, ನಂಗೆ ಕೇಳುಸ್ತು. ರಸ್ತೆಗಂಟ ತಿರುಗಿ ನೋಡ್ಲಿಲ್ಲ."

ಶಿವಲಕ್ಷ್ಮಿ ಕಚ್ಚಿದ್ದ ಸೆರಗು ಬಿಟ್ಟಳು.

"ಎಷ್ಟು ಸಲ?" ಎಂದ ಕದಿರಯ್ಯ.

ಹುಟ್ಟಿದಾಗಿನಿಂದ ಎಲ್ಲವನ್ನೂ ಹೆಚ್ಚಿಸಿಯೇ ಹೇಳಿದವನು ಇದೊಂದನ್ನು ಕಡಿಮೆ ಮಾಡಿ ಹೇಳಿದ್ದ.

"ಮೂರು," ಎಂದ ಓಬಳೇಶ. "ಮೂರು ಸಲ ಕೂಗ್ದೆ."